ಇಂಗ್ಲಿಷು ಕಲಿಸಿದ ಸಂಸ್ಕೃತದ ಮೇಷ್ಟರು

ಮಧುಗಿರಿಯಿಂದ ಶಿರಾಕ್ಕೆ ಬಸ್ಸಿನಲ್ಲಿ ಹೋದವರಿಗೆ ಬಡವನಹಳ್ಳಿಯ ಪರಿಚಯವುಂಟು. ಹೋಬಳಿಗೆ ತನ್ನ ಹೆಸರನ್ನು ಕೊಟ್ಟಿರುವ ದೊಡ್ಡೇರಿಯನ್ನು ಕಂಡವರು ಅಷ್ಟು ಮಂದಿ ಇರಲಾರರು. ಮಳೆಯನ್ನು ನಂಬಿ ರಾಗಿಯನ್ನೂ ಕಡಲೆಕಾಯಿಯನ್ನೂ ಬಿತ್ತುವ ಸೀಮೆ ಅದು. ಆ ಹೋಬಳಿಯಲ್ಲಿ ಹುಟ್ಟಿ, ಪಾಠಶಾಲೆಯಲ್ಲಿ ಸಂಸ್ಕೃತವನ್ನು ಓದಿ, ಬಳಿಕ ಸರ್ಕಾರದ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೆ ಮೇಲ್ಪಟ್ಟು ದುಡಿದು ನಿವೃತ್ತರಾದ ಮೇಷ್ಟರೊಬ್ಬರಿದ್ದಾರೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳನ್ನು ಕೂಡಿಸಿ ಶಿಕ್ಷಣ ಇಲಾಖೆಯವರು ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಕರೆಯುವುದರಿಂದ, ಅವರ ವರ್ಗಾವಣೆಗಳೆಲ್ಲವೂ ಆ ಎಲ್ಲೆಯೊಳಗೇ ನಡೆದುವು. ಅವರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಅವರು ಸಂತೋಷಪಡುವವರಲ್ಲ.

ಪಾಠಶಾಲೆಯ ವಿದ್ಯಾರ್ಥಿಗೂ ಇಂಗ್ಲಿಷಿಗೂ ಏನು ಸಂಬಂಧವೆಂದು ಕೇಳುವವರುಂಟು. ಸಂಬಂಧವನ್ನು ಅವರು ಬಯಸಿ ಪಡೆದುದಲ್ಲ. ಹಿಂದೆ ನಮ್ಮ ನಾಡಿನ ಕನ್ನಡ ಶಾಲೆಗಳಲ್ಲಿ ಇಂಗ್ಲಿಷು ಐದನೆಯ ತರಗತಿಯಿಂದ ಆರಂಭವಾಗುತ್ತಿತ್ತು. 2007–08ನೆಯ ಸಾಲಿನಲ್ಲಿ ಸರ್ಕಾರವು ಅದನ್ನು ಒಂದನೆಯ ತರಗತಿಯಿಂದಲೇ ಒಂದು ಭಾಷೆಯಾಗಿ ಕಲಿಸತಕ್ಕದ್ದೆಂದು ವಿಧಿಸಿತು. ಆಜ್ಞೆ ಒಂದು ದಿನದಲ್ಲಿ ಹೊರಡಬಹುದು. ಉಪಾಧ್ಯಾಯನ ನಾಲಗೆ ಒಂದು ದಿನದಲ್ಲಿ ತಿರುಗುವುದಿಲ್ಲ. ಇಬ್ಬರು ಮೂವರು ಉಪಾಧ್ಯಾಯರಿದ್ದ ಶಾಲೆಗಳಲ್ಲಿ ಯಾರಿಗೆ ಇಂಗ್ಲಿಷಿನ ಭಯ ಸ್ವಲ್ಪ ಕಡಮೆಯೋ ಅವರ ತಲೆಗೆ ಆ ಹೊರೆ ಬಂದಿತು. ವ್ಯಾಕರಣ ಬಲ್ಲವರೆಂಬ ಒಂದೇ ಕಾರಣದಿಂದ ಈ ಮೇಷ್ಟರ ತಲೆಗೂ ಬಂದಿತು. 2019–20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷು ಮಾಧ್ಯಮದ ತರಗತಿಗಳೇ ತೆರೆದುವು. ಯಾವ ಭಾಷೆಯಲ್ಲಿ ಕಲಿಸಬೇಕೆಂಬ ವಿವಾದ ಬೇರೆ, ಆ ಭಾಷೆಯನ್ನು ಹೇಗೆ ಕಲಿಸಬೇಕೆಂಬ ವಿಚಾರ ಬೇರೆ. ಎರಡನ್ನೂ ಕಲಸಿ ಕೂಗಾಡುವವರು ಮೊದಲನೆಯದನ್ನು ತೀರ್ಮಾನಿಸಲಿಲ್ಲ, ಎರಡನೆಯದರ ಕಡೆ ನೋಡಲೂ ಇಲ್ಲ. ಅದು ಹಾಗಿರಲಿ.

ಮೊದಮೊದಲು ಮೇಷ್ಟರು ತಮಗೆ ಹೇಗೆ ವಿದ್ಯೆ ಬಂದಿತೋ ಹಾಗೆಯೇ ಕೊಡಲು ಹೊರಟರು. ರಾಮಶಬ್ದವನ್ನು ಒಪ್ಪಿಸಿದ ಬಾಯಿಗೆ ಗೋ, ವೆಂಟ್, ಗಾನ್ ಎಂಬುದು ಹೊಸತೇನಲ್ಲ. ಮಕ್ಕಳು ಕೈಕಟ್ಟಿ ನಿಂತು ಕ್ರಿಯಾಪದಗಳ ಮೂರು ಮೂರು ರೂಪಗಳನ್ನು ಅಮರಕೋಶದಂತೆ ರಾಗವಾಗಿ ಹೇಳುತ್ತಿದ್ದರು. ಕೇಳಲು ಇಂಪಾಗಿಯೇ ಇತ್ತು. ಪ್ರಶ್ನೋತ್ತರಗಳೂ ಹಾಗೆಯೇ: ಹೆಸರೇನು, ತಂದೆಯ ಹೆಸರೇನು, ಯಾವ ತರಗತಿ, ಯಾವ ಊರು. ಈ ನಾಲ್ಕೈದು ಉತ್ತರಗಳು ಕ್ರಮವಾಗಿ ಬಂದರೆ ಇಂಗ್ಲಿಷು ಬಂದಿತೆಂದು ಊರಿನವರೂ ನಂಬಿದರು, ಮೇಷ್ಟರೂ ನಂಬಿದರು.

ಆಗ ಒಂದು ಸಂಗತಿ ನಡೆಯಿತು. ಶಾಲೆಯ ಹೆಸರೂ ಊರಿನ ಹೆಸರೂ ಇಲ್ಲಿ ಅನವಶ್ಯಕ. ಪೇಟೆಯಿಂದ ಬಂದಿದ್ದ ಅಭ್ಯಾಗತರೊಬ್ಬರು ಐದನೆಯ ತರಗತಿಯ ಹುಡುಗಿಯೊಬ್ಬಳನ್ನು ಎಬ್ಬಿಸಿ ಹೆಸರು ಕೇಳಿದರು. ಹುಡುಗಿ ತಡವರಿಸದೆ ಹೇಳಿದಳು. ಅವರು ಪ್ರೀತಿಯಿಂದಲೇ, "ವೇರ್ ಈಸ್ ಯುವರ್ ಫಾದರ್?" ಎಂದರು. ಎರಡನೆಯ ಪ್ರಶ್ನೆಯೆಂದರೆ ತಂದೆಯ ಹೆಸರು ಎಂದು ಕಲಿತಿದ್ದ ಆ ಮಗು, "ಮೈ ಫಾದರ್ಸ್ ನೇಮ್ ಈಸ್" ಎಂದು ಮೊದಲುಮಾಡಿ ಹೆಸರನ್ನು ಹೇಳಿತು. ಅಭ್ಯಾಗತರು ನಕ್ಕು, ಮತ್ತೆ ಕೇಳಿದರು. ಮಗು ಮತ್ತೆ ಅದನ್ನೇ ಹೇಳಿತು, ಈ ಸಲ ಇನ್ನೂ ಗಟ್ಟಿಯಾಗಿ. ತರಗತಿಯಲ್ಲಿ ಅರ್ಥವಾದವರು ನಕ್ಕರು, ಅರ್ಥವಾಗದವರು ಅವರನ್ನು ನೋಡಿ ನಕ್ಕರು. ಮೇಷ್ಟರೂ ನಕ್ಕರು. ಆ ಮಗುವಿನ ತಂದೆ ಕಟ್ಟಡದ ಕೂಲಿಗೆಂದು ಬೆಂಗಳೂರಿಗೆ ಹೋಗಿ ಎರಡು ಹಬ್ಬಗಳಿಗೂ ಮನೆಗೆ ಬಂದಿರಲಿಲ್ಲವೆಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ನಗುವಾಗ ಮೇಷ್ಟರಿಗೆ ಅದು ನೆನಪಾಗಲಿಲ್ಲ. ಹುಡುಗಿ ಕುಳಿತಳು. ಆ ದಿನ ಬಿಸಿಯೂಟಕ್ಕೆ ಏಳಲಿಲ್ಲ. ಮರುದಿನದಿಂದ ಇಂಗ್ಲಿಷು ಪಾಠದಲ್ಲಿ ಬಾಯಿ ತೆರೆಯಲಿಲ್ಲ. ಕನ್ನಡಕ್ಕೆ, ಲೆಕ್ಕಕ್ಕೆ ಎಂದಿನಂತೆ ಉತ್ತರ ಕೊಡುವಳು, ಇಂಗ್ಲಿಷಿನ ಗಂಟೆಗೆ ಮಾತ್ರ ಗೋಡೆಯನ್ನು ನೋಡುವಳು. ಆಷಾಢದಲ್ಲಿ ಹತ್ತಿದ ಮೌನ ದೀಪಾವಳಿಯಾದರೂ ಮುರಿಯಲಿಲ್ಲ.

ತಾವು ಆ ಮಕ್ಕಳಿಗೆ ಉತ್ತರಗಳನ್ನು ಕಲಿಸಿದ್ದೆವೇ ವಿನಾ ಪ್ರಶ್ನೆಯನ್ನು ಕೇಳಿಸಿಕೊಳ್ಳುವುದನ್ನು ಕಲಿಸಿರಲಿಲ್ಲ ಎಂಬುದು ಮೇಷ್ಟರಿಗೆ ಆಗ ಹೊಳೆಯಿತು. ಪಾಠಶಾಲೆಯಲ್ಲಿ ಕಂಠಪಾಠದ ಹಿಂದೆ ಗುರುವಿನ ವ್ಯಾಖ್ಯಾನವೂ, ಸಹಪಾಠಿಗಳ ವಾಕ್ಯಾರ್ಥವೂ ಇದ್ದುವು. ಇಲ್ಲಿ ಅವರು ಕಂಠಪಾಠವನ್ನು ಮಾತ್ರ ತಂದು ಉಳಿದುದನ್ನು ಅಲ್ಲಿಯೇ ಬಿಟ್ಟು ಬಂದಿದ್ದರು.

ಹೊಸ ಪದ್ಧತಿಯನ್ನು ಅವರು ಊರಿನ ಬೀದಿಯಿಂದ ಆರಂಭಿಸಿದರು. ಮನೆಯಲ್ಲಿ, ಹೊಲದಲ್ಲಿ, ಅಂಗಡಿಯಲ್ಲಿ ಆಡುವ ಮಾತಿನಲ್ಲಿ ಇಂಗ್ಲಿಷಿನಿಂದ ಬಂದ ಶಬ್ದಗಳನ್ನು ಹಿಡಿದು ತರಬೇಕೆಂದು ಮಕ್ಕಳಿಗೆ ಹೇಳಿದರು. ಒಂದು ವಾರದಲ್ಲಿ ಗೋಡೆ ತುಂಬಿತು. ಬಸ್ಸು, ಲಾರಿ, ಟಿಕೆಟ್ಟು, ಕಂಡಕ್ಟರು, ಪಂಪು, ಮೋಟಾರು, ವೈರು, ಸ್ವಿಚ್ಚು, ಮೀಟರು, ಬಿಲ್ಲು, ಬ್ಯಾಂಕು, ಲೋನು, ರೇಷನ್ ಕಾರ್ಡು. ಅಜ್ಜಿಯರ ಲಾಂದ್ರವೂ ಬಂದಿತು. ಒಬ್ಬ ಹುಡುಗ ನಾಚುತ್ತ "ಮೇಷ್ಟ್ರು" ಎಂದ. ಅದೂ ಮಾಸ್ಟರ್ ಎಂಬುದರಿಂದ ಬಂದುದೇ ಎಂದು ಒಪ್ಪಿ ಮೇಷ್ಟರು ತಮ್ಮನ್ನೂ ಗೋಡೆಯ ಮೇಲೆ ಬರೆದುಕೊಂಡರು. ಪಾವಗಡದ ಕಡೆ ಇದ್ದ ವರ್ಷಗಳಲ್ಲಿ ಈ ಪಟ್ಟಿಗೆ ಬೇರೊಂದು ಬೆಳೆ ಸೇರಿತು: ತಿರುಮಣಿಯ ಸುತ್ತ ಹದಿಮೂರು ಸಾವಿರ ಎಕರೆಯಲ್ಲಿ ಸೂರ್ಯಶಕ್ತಿಯ ಸ್ಥಾವರವು 2018ರಲ್ಲಿ ಆರಂಭವಾದ ಮೇಲೆ, ಸೋಲಾರು, ಪ್ಯಾನಲ್ಲು, ಲೀಸು, ಸೆಕ್ಯುರಿಟಿ ಎಂಬ ಶಬ್ದಗಳು ಎರಡನೆಯ ತರಗತಿಯ ಮಕ್ಕಳ ಬಾಯಲ್ಲಿಯೂ ಆಡತೊಡಗಿದುವು. ಈ ಶಬ್ದಗಳನ್ನು ಅಮರಕೋಶದ ವರ್ಗಗಳಂತೆ ವಿಂಗಡಿಸುವುದು ಎರಡನೆಯ ಕೆಲಸ. ನೀರಿನ ವರ್ಗ, ದಾರಿಯ ವರ್ಗ, ಹಣದ ವರ್ಗ, ಆಸ್ಪತ್ರೆಯ ವರ್ಗ. ತಮಗೆ ಇಂಗ್ಲಿಷು ಸ್ವಲ್ಪವೂ ಬಾರದೆಂದು ತಿಳಿದಿದ್ದ ಮಕ್ಕಳು, ಅದು ತಮ್ಮ ಮನೆಯ ಅಟ್ಟದ ಮೇಲೆಯೂ ಇದೆಯೆಂದು ಕಂಡುಕೊಂಡರು.

ಉಚ್ಚಾರಣೆಯ ವಿಷಯದಲ್ಲಿ ಮೇಷ್ಟರಿಗೆ ಅವರ ಹಳೆಯ ಶಿಕ್ಷಾಶಾಸ್ತ್ರವು ಬಂದಷ್ಟು ಉಪಯೋಗಕ್ಕೆ ಯಾವ ಹೊಸ ಪುಸ್ತಕವೂ ಬರಲಿಲ್ಲ. ಫ್ಯಾನ್ ಎಂಬಲ್ಲಿಯ ಮೊದಲ ಧ್ವನಿ ನಮ್ಮ ಫಕಾರವಲ್ಲ. ನಮ್ಮದು ತುಟಿಗಳೆರಡೂ ಮುಚ್ಚಿ ಬಿಡುವ ಮಹಾಪ್ರಾಣ. ವಕಾರಕ್ಕೆ ದಂತವೂ ಓಷ್ಠವೂ ಸ್ಥಾನವೆಂದು ಓದಿದವರಾದ್ದರಿಂದ, "ವ ಎನ್ನುವಾಗ ಹಲ್ಲು ಎಲ್ಲಿ ತಗಲುತ್ತದೆಯೋ ಅಲ್ಲಿಯೇ ಇಟ್ಟು, ನಾದವಿಲ್ಲದೆ ಬರಿಯ ಉಸಿರನ್ನು ಬಿಡಿ" ಎಂದರು. ಅರ್ಧ ತರಗತಿಗೆ ಕ್ಷಣದಲ್ಲಿ ಬಂದಿತು. ಝೂ ಎಂಬಲ್ಲಿಯ ಧ್ವನಿಯೂ ಹಾಗೆಯೇ: ಸಕಾರಕ್ಕೆ ಘೋಷವನ್ನು ಕೂಡಿಸಿದರೆ ಅದು. ಹಾವಿನಂತೆ ಸೀತ್ಕರಿಸಿ, ಬಳಿಕ ಕಂಠದ ಮೇಲೆ ಬೆರಳಿಟ್ಟು ದುಂಬಿಯಂತೆ ಮೊರೆಯುವುದು. ಬೆರಳಿಗೆ ಅದುರು ತಿಳಿದರೆ ಸರಿ, ಇಲ್ಲದಿದ್ದರೆ ಹಾವೇ. ಶಿರಾದ ಶಾಲೆಯಲ್ಲಿ ಈ ಎರಡು ಧ್ವನಿಗಳನ್ನು ಕಲಿಸುವ ಶ್ರಮವೇ ಅವರಿಗೆ ಬೀಳಲಿಲ್ಲ. ಉರ್ದು ಮನೆಮಾತಿನ ಮಕ್ಕಳಿಗೆ ಅವು ಹುಟ್ಟಿನಿಂದ ಬಂದುವು. ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದ ಹುಡುಗನೊಬ್ಬನನ್ನು ಮುಂದೆ ಕರೆದು, ಈ ಎರಡು ಅಕ್ಷರಗಳಿಗೆ ಈತನೇ ಗುರುವೆಂದು ನಿಲ್ಲಿಸಿದರು. ಅವನು ತಪ್ಪಿದವರನ್ನು ತಿದ್ದುವಾಗ ತೋರಿದ ಗಾಂಭೀರ್ಯವನ್ನು ಮೇಷ್ಟರು ಇಂದಿಗೂ ವರ್ಣಿಸುತ್ತಾರೆ.

ಇದಕ್ಕೆ ಪ್ರತಿಯಾಗಿ, ಈ ಸೀಮೆಯ ಆಡುಮಾತಿನಲ್ಲಿ ಪದಾದಿಯ ಹಕಾರವು ಲೋಪವಾಗುವುದರಿಂದ ತೊಂದರೆಯುಂಟು. ಹಾಲು ಆಲಾಗುವ ಬಾಯಲ್ಲಿ, ಕೂದಲಿಗೆ ಹೇಳುವ ಹೇರ್ ಎಂಬುದು ಗಾಳಿಯಾದ ಏರ್ ಆಗಿಬಿಡುತ್ತದೆ. ಹಿಂದೆ ಇದಕ್ಕೆ ಬೆತ್ತವೇ ಔಷಧವಾಗಿತ್ತು. ಬೆತ್ತ ತಿಂದ ಮಗು ಭಯದಿಂದ ಆನೆಯನ್ನೂ ಹಾನೆಯೆನ್ನುತ್ತಿತ್ತು. ಮೇಷ್ಟರು ಅಂಗೈಯನ್ನು ಬಾಯ ಮುಂದೆ ಹಿಡಿಸಿದರು. ಬಿಸಿ ಉಸಿರು ತಾಕಿದರೆ ಕೂದಲು, ತಾಕದಿದ್ದರೆ ಗಾಳಿ. ಮನೆಯ ಮಾತನ್ನು ಅವರು ಹೀನಾಯಿಸಲಿಲ್ಲ. ಅಜ್ಜಿಯ ಮುಂದೆ ಆಲು, ಪುಸ್ತಕದ ಮುಂದೆ ಹಾಲು, ಎರಡೂ ಹಸುವಿನದೇ ಎನ್ನುವರು. ಪದದ ಕೊನೆಗೆ ಉಕಾರವನ್ನು ಸೇರಿಸುವ ಅಭ್ಯಾಸಕ್ಕೆ ಚಪ್ಪಾಳೆಯ ಉಪಾಯ: ಬಸ್ಸು ಎಂದರೆ ಎರಡು ಚಪ್ಪಾಳೆ, ಬಸ್ ಎಂದರೆ ಒಂದೇ. ಇಸ್ಕೂಲು ಎಂಬುದಕ್ಕೆ ಮೂರು ಚಪ್ಪಾಳೆ ಬೀಳುತ್ತದೆ. ಮೊದಲು ಹಾವನ್ನು ಉದ್ದವಾಗಿ ಬಿಟ್ಟು, ಅದರ ಬಾಲಕ್ಕೆ ಕೂಲ್ ಎಂಬುದನ್ನು ಕಟ್ಟಿದರೆ ಒಂದೇ ಚಪ್ಪಾಳೆಗೆ ಇಳಿಯುತ್ತದೆ. ಎಗ್ ಎಂಬುದನ್ನು ಯೆಗ್ಗೆಂದೂ ಓನ್ಲಿ ಎಂಬುದನ್ನು ವೋನ್ಲಿಯೆಂದೂ ಹೇಳುವ ದೋಷವನ್ನು ಅವರು ಬಹಳವಾಗಿ ಬೆನ್ನಟ್ಟಲಿಲ್ಲ. ಅರ್ಥ ಕೆಡದ ತಪ್ಪಿಗೆ ಅವಸರವಿಲ್ಲ.

ವ್ಯಾಕರಣವನ್ನು ಬಿಡಲು ಅವರಿಂದಾಗಲಿಲ್ಲ, ಬಿಡಬೇಕಾಗಿಯೂ ಇರಲಿಲ್ಲ. ಬಹುವಚನದ ಪ್ರತ್ಯಯವೊಂದೇ ಆದರೂ ಕ್ಯಾಟ್ ಮುಂದೆ ಅದು ಸಕಾರವಾಗಿಯೂ, ಡಾಗ್ ಮುಂದೆ ದುಂಬಿಯ ಧ್ವನಿಯಾಗಿಯೂ, ಬಸ್ ಮುಂದೆ ನಡುವೆ ಒಂದು ಇಕಾರವನ್ನು ಎಳೆದುಕೊಂಡೂ ಬರುತ್ತದೆ. ಅನೇಕ ಉಪಾಧ್ಯಾಯರು ಇದನ್ನು ಗಮನಿಸುವುದೇ ಇಲ್ಲ. ವಾಕ್ ಮುಂದೆ ಈಶ ಬಂದರೆ ವಾಗೀಶನಾಗುವುದನ್ನು ಬಲ್ಲ ಮೇಷ್ಟರಿಗೆ ಇದು ಸಂಧಿಯೆಂದು ಕಂಡಿತು: ಘೋಷವು ಘೋಷವನ್ನು ಕರೆಯುತ್ತದೆ, ಅಘೋಷವು ಅಘೋಷವನ್ನು. ಏಳನೆಯ ತರಗತಿಯವರಿಗೆ ಮಳೆಗಾಲವೆಂಬ ಶಬ್ದವನ್ನು ಬಿಡಿಸಿ ತೋರಿಸಿ, ಇಂಗ್ಲಿಷಿನವರೂ ಅರಿಯದೆಯೇ ಸಂಧಿ ಮಾಡುತ್ತಾರೆಂದಾಗ ಮಕ್ಕಳಿಗೆ ಅವರ ಮೇಲೆ ಸ್ವಲ್ಪ ವಿಶ್ವಾಸ ಹುಟ್ಟಿತು.

ವಾಕ್ಯದ ಪಾಠಕ್ಕೆ ಕರಿಹಲಗೆಗಿಂತ ಅಂಗಳವೇ ಮೇಲೆಂದು ಅವರ ಅನುಭವ. ಮೂವರು ಮಕ್ಕಳು ಮೂರು ರಟ್ಟುಗಳನ್ನು ಹಿಡಿದು ನಿಲ್ಲುವರು: ಕರ್ತೃ, ಕರ್ಮ, ಕ್ರಿಯೆ. ಗಂಟೆ ಒಂದು ಸಲ ಹೊಡೆದರೆ ಕನ್ನಡ, ಎರಡು ಸಲ ಹೊಡೆದರೆ ಇಂಗ್ಲಿಷು. ಆಗ ಕೊನೆಯಲ್ಲಿದ್ದ ಕ್ರಿಯಾಪದವು ಓಡಿಬಂದು ನಡುವೆ ನಿಲ್ಲಬೇಕು. ಮರದ ಮೇಲೆ ಎಂಬಲ್ಲಿ ಹಿಂದಿರುವ ಮೇಲೆ ಎಂಬ ಹುಡುಗ ಮರವನ್ನು ಸುತ್ತಿಬಂದು ಅದರ ಮುಂದೆ ನಿಲ್ಲಬೇಕು. ಪಾವಗಡದ ತೆಲುಗು ಮನೆಗಳ ಮಕ್ಕಳಿಗೂ, ಶಿರಾದ ಉರ್ದು ಮನೆಗಳ ಮಕ್ಕಳಿಗೂ ಕ್ರಿಯಾಪದವು ಕೊನೆಯಲ್ಲಿಯೇ ಇರುವುದರಿಂದ ಈ ಆಟ ಎಲ್ಲೆಡೆಯೂ ಒಂದೇ ಸಮನಾಗಿ ನಡೆಯಿತು. ನಾಯಿ ಎಂಬ ರಟ್ಟನ್ನೂ ಮನುಷ್ಯ ಎಂಬ ರಟ್ಟನ್ನೂ ಅದಲುಬದಲು ನಿಲ್ಲಿಸಿ ಓದಿಸಿದಾಗ, ಮನುಷ್ಯನೇ ನಾಯಿಯನ್ನು ಕಚ್ಚಿದನೆಂದು ಮಕ್ಕಳು ಹೊಟ್ಟೆ ಹಿಡಿದು ನಕ್ಕರು. ಸಂಸ್ಕೃತದಲ್ಲಿಯೂ ಕನ್ನಡದಲ್ಲಿಯೂ ಪದವನ್ನು ಎಲ್ಲಿ ಇಟ್ಟರೂ ವಿಭಕ್ತಿಯು ಅರ್ಥವನ್ನು ಕಾಯುತ್ತದೆ. ಇಂಗ್ಲಿಷಿನಲ್ಲಿ ನಿಂತ ಜಾಗವೇ ವಿಭಕ್ತಿ. ಈ ಒಂದು ಮಾತನ್ನು ತಮಗೆ ಯಾರಾದರೂ ಹತ್ತನೆಯ ವಯಸ್ಸಿನಲ್ಲಿ ಹೇಳಿದ್ದರೆ ಎಷ್ಟು ಕಷ್ಟ ತಪ್ಪುತ್ತಿತ್ತೆಂದು ಮೇಷ್ಟರು ಹೇಳುವುದುಂಟು.

ಈ ನಡುವೆ ಅವರನ್ನು ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷು ಸಂಸ್ಥೆಯ ತರಬೇತಿಗೆ ಕಳುಹಿಸಿದರು. ದಕ್ಷಿಣ ಭಾರತದ ಉಪಾಧ್ಯಾಯರಿಗಾಗಿ 1963ರಲ್ಲಿ ಸ್ಥಾಪಿತವಾದ, ಜ್ಞಾನಭಾರತಿಯಲ್ಲಿರುವ ಸಂಸ್ಥೆಯದು. ಎನ್. ಎಸ್. ಪ್ರಭು ಎಂಬ ವಿದ್ವಾಂಸರು 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು ಮುಂತಾದ ಕಡೆಗಳ ಶಾಲೆಗಳಲ್ಲಿ ನಡೆಸಿದ ಪ್ರಯೋಗದ ಸಂಗತಿ ಅವರಿಗೆ ಅಲ್ಲಿ ತಿಳಿಯಿತು. ಲೋಕದ ಭಾಷಾಶಿಕ್ಷಕರೆಲ್ಲ ಬೆಂಗಳೂರು ಪ್ರಯೋಗವೆಂದು ಹೆಸರಿಸುವ ಆ ಕಾರ್ಯವನ್ನು ನಮ್ಮ ಜಿಲ್ಲೆಯ ಉಪಾಧ್ಯಾಯರು ಅಷ್ಟಾಗಿ ಅರಿಯರು. ವ್ಯಾಕರಣವನ್ನು ಪಾಠವಾಗಿ ಇಡದೆ, ರೈಲಿನ ವೇಳಾಪಟ್ಟಿ, ನಕ್ಷೆ, ಲೆಕ್ಕಾಚಾರ ಇಂಥ ಸಮಸ್ಯೆಗಳನ್ನು ಮಕ್ಕಳ ಮುಂದಿಟ್ಟು, ಅವರ ಮನಸ್ಸು ಅರ್ಥದಲ್ಲಿ ತೊಡಗಿರುವಾಗ ಭಾಷೆಯು ತಾನಾಗಿ ಒಳಗಿಳಿಯುತ್ತದೆಂಬುದು ಅವರ ಮತ. 1987ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದರು.

ಮೇಷ್ಟರು ಇದನ್ನು ಬಡವನಹಳ್ಳಿಯ ಬಸ್ಸುಗಳಿಗೆ ಇಳಿಸಿದರು. ಮಧುಗಿರಿಯ ಕಡೆಗೂ ಶಿರಾದ ಕಡೆಗೂ ಹೋಗುವ ಬಸ್ಸುಗಳ ಹೊತ್ತನ್ನು ಮಕ್ಕಳಿಂದಲೇ ವಿಚಾರಿಸಿ ಬರೆಸಿ, ಹಲಗೆಯ ಮೇಲೆ ಪಟ್ಟಿಮಾಡಿದರು. ಅಜ್ಜಿಯನ್ನು ಹನ್ನೊಂದು ಗಂಟೆಗೆ ಮಧುಗಿರಿಯ ಆಸ್ಪತ್ರೆಗೆ ಮುಟ್ಟಿಸಬೇಕಾದರೆ ಯಾವ ಬಸ್ಸು ಹಿಡಿಯಬೇಕು? ಅದು ತಪ್ಪಿದರೆ? ಅರ್ಧ ಪಟ್ಟಿಯನ್ನು ಒಬ್ಬನಿಗೂ ಉಳಿದರ್ಧವನ್ನು ಇನ್ನೊಬ್ಬಳಿಗೂ ಕೊಟ್ಟು, ಒಬ್ಬರನ್ನೊಬ್ಬರು ಇಂಗ್ಲಿಷಿನಲ್ಲಿ ಕೇಳಿಯೇ ತುಂಬಿಸಬೇಕೆಂದರು. ಮಕ್ಕಳು ತಮ್ಮತಮ್ಮಲ್ಲಿ ಆಡಿದರೆ ತಪ್ಪುಗಳೇ ಗಟ್ಟಿಯಾಗುವುವೆಂದು ಪ್ರಭುಗಳು ಗುಂಪುಮಾತಿಗೆ ಆಸ್ಪದ ಕೊಟ್ಟಿರಲಿಲ್ಲ. ಈ ವಿಷಯದಲ್ಲಿ ಮೇಷ್ಟರು ಅವರನ್ನು ಅನುಸರಿಸಲಿಲ್ಲ. ಮೇಷ್ಟರ ಮುಂದೆ ನಡುಗುವ ಮಗು ಗೆಳತಿಯ ಮುಂದೆ ತಪ್ಪಾಗಿಯಾದರೂ ಆಡುತ್ತದೆ. ಆಡದ ಮಾತನ್ನು ತಿದ್ದುವುದು ಯಾರಿಗೂ ಸಾಧ್ಯವಿಲ್ಲವಷ್ಟೆ.

ಓದಿನ ವಿಷಯದಲ್ಲಿ ಅವರಿಗೆ ಹಿಡಿಸಿದುದು, 1920ರ ದಶಕದಲ್ಲಿ ಢಾಕಾದಲ್ಲಿದ್ದ ಮೈಕೆಲ್ ವೆಸ್ಟ್ ಎಂಬಾತನ ವಿಚಾರ. ಬಂಗಾಳದ ಮಕ್ಕಳಲ್ಲಿ ಬಹುಮಂದಿ ನಡುವೆಯೇ ಶಾಲೆ ಬಿಡುವುದನ್ನು ಕಂಡು, ಯಾವ ತರಗತಿಯಲ್ಲಿ ಬಿಟ್ಟರೂ ಅಷ್ಟರ ಮಟ್ಟಿಗೆ ಕೈಯಲ್ಲಿ ಏನಾದರೂ ಉಳಿಯುವಂತೆ ಕಲಿಸಬೇಕೆಂದು ಆತ ವಾದಿಸಿದ. ಏಳನೆಯದು ಮುಗಿದ ಕೂಡಲೆ ಮನೆಯಲ್ಲಿ ನಿಲ್ಲುವ ಹುಡುಗಿಗೆ ಏನು ಉಳಿಯಬೇಕು? ಮೇಷ್ಟರು ಮಾತ್ರೆಯ ಹಾಳೆಗಳನ್ನೂ, ಗೊಬ್ಬರದ ಚೀಲಗಳನ್ನೂ, ಬ್ಯಾಂಕಿನ ಚೀಟಿಗಳನ್ನೂ ತರಗತಿಗೆ ತಂದರು. ಮಾತ್ರೆಯ ಅವಧಿ ತೀರುವ ತಿಂಗಳನ್ನು ಹುಡುಕಿ ಓದುವುದು ಒಂದು ದಿನದ ಪಾಠ. ಕೀಟನಾಶಕದ ಡಬ್ಬಿಯ ಮೇಲಿನ ಬಣ್ಣದ ಗುರುತು, ಕೆಂಪಾದರೆ ಅತ್ಯುಗ್ರ ವಿಷ, ಬಳಿಕ ಹಳದಿ, ನೀಲಿ, ಹಸಿರು ಎಂಬ ಕ್ರಮ, ಅದರ ಬಳಿಯ ಪಾಯ್ಸನ್ ಎಂಬ ಶಬ್ದ ಇನ್ನೊಂದು ದಿನದ ಪಾಠ. ಖಾಲಿ ಡಬ್ಬಿಯನ್ನು ಮುಟ್ಟಗೊಡದೆ ಚಿತ್ರವನ್ನು ಮಾತ್ರ ತೋರಿಸುತ್ತಿದ್ದರು. ಇಂಥ ಡಬ್ಬಿಯೊಂದರಲ್ಲಿ ಮನೆಯವರು ಸೀಮೆಎಣ್ಣೆ ತುಂಬಿಟ್ಟಿದ್ದಾರೆಂದು ಮಗುವೊಂದು ಆ ದಿನವೇ ಎದ್ದು ಹೇಳಿತು.

ಗೋಡೆಯನ್ನು ನೋಡುತ್ತಿದ್ದ ಹುಡುಗಿಯ ಸಂಗತಿ ಉಳಿಯಿತು. ಅವಳನ್ನು ಮೇಷ್ಟರು ಬಲವಂತಪಡಿಸಲಿಲ್ಲ. ಕ್ಷಮೆ ಕೇಳಬೇಕೆನಿಸಿದರೂ ಎಲ್ಲರ ಮುಂದೆ ಕೇಳಿದರೆ ಮತ್ತೆ ಅದೇ ಗಾಯವನ್ನು ಕೆರೆದಂತಾಗುವುದೆಂದು ಸುಮ್ಮನಿದ್ದರು. ಸಂಕ್ರಾಂತಿಯಾದ ಮೇಲೆ ಶನಿವಾರಗಳಲ್ಲಿ ಒಂದು ಹೊಸ ಕ್ರಮವನ್ನು ತಂದರು. ಅರ್ಧ ಗಂಟೆ ಮೇಷ್ಟರು ಮಕ್ಕಳ ಬೆಂಚಿನ ಮೇಲೆ ಕೂರುವುದು, ಮಕ್ಕಳು ಪ್ರಶ್ನೆ ಕೇಳುವುದು, ಮೇಷ್ಟರು ನಿಜವನ್ನೇ ಇಂಗ್ಲಿಷಿನಲ್ಲಿ ಹೇಳುವುದು. ಪ್ರಶ್ನೆಯನ್ನು ಆರಂಭಿಸುವ ಆರೇಳು ಶಬ್ದಗಳು ಗೋಡೆಯ ಮೇಲಿದ್ದುವು. ಮೊದಲ ಶನಿವಾರ ಹುಡುಗರು ಊಟದ ವಿಷಯ, ಚಪ್ಪಲಿಯ ಬೆಲೆ ಕೇಳಿದರು. ಮೇಷ್ಟರೂ ತಡವರಿಸಿದರು. ತಡವರಿಸುವ ಮೇಷ್ಟರನ್ನು ಕಾಣುವುದೇ ಮಕ್ಕಳಿಗೆ ಒಂದು ಪಾಠವಾಯಿತು.

ಮೂರನೆಯ ಶನಿವಾರ ಆ ಹುಡುಗಿ ಎದ್ದು ನಿಂತಳು. ಗೋಡೆಯ ಕಡೆ ನೋಡಲಿಲ್ಲ.

"ಸರ್, ವೇರ್ ಈಸ್ ಯುವರ್ ಫಾದರ್?"

ತರಗತಿ ನಿಶ್ಶಬ್ದವಾಯಿತು. ಮೇಷ್ಟರ ತಂದೆ ಅವರು ಹತ್ತು ವರ್ಷದವರಾಗಿದ್ದಾಗಲೇ ದೊಡ್ಡೇರಿಯಲ್ಲಿ ತೀರಿಹೋಗಿದ್ದರು. ಪಾಠಶಾಲೆಯ ಉಚಿತ ಊಟವನ್ನರಸಿ ಹೊರಟುದಕ್ಕೂ ಅದೇ ಕಾರಣ. ಅವರು "ಹೀ ಈಸ್" ಎಂದು ಆರಂಭಿಸಿ, ಈಸ್ ಎಂಬುದು ಅಲ್ಲಿ ಸಲ್ಲದೆಂದು ಕಂಡು ನಿಂತರು. ಬಳಿಕ, "ಹೀ ಡೈಡ್. ಇನ್ ದೊಡ್ಡೇರಿ" ಎಂದರು.

"ವೆನ್?" ಎಂದಳು ಹುಡುಗಿ.

"ವೆನ್ ಐ ವಾಸ್ ಟೆನ್."

ಅವಳಿಗೂ ಆಗ ಹತ್ತು ವರ್ಷ. ಸ್ವಲ್ಪ ಹೊತ್ತು ನಿಂತಿದ್ದು, ಯಾರೂ ಕೇಳದಿದ್ದರೂ, "ಮೈ ಫಾದರ್ ಈಸ್ ಇನ್ ಬೆಂಗಳೂರು" ಎಂದು ಹೇಳಿ ಕುಳಿತಳು. ಯಾರೂ ನಗಲಿಲ್ಲ. ಆ ವಾಕ್ಯದಲ್ಲಿ ತಿದ್ದುವಂಥದು ಏನೂ ಇರಲಿಲ್ಲ. ಮುಂದಿನ ಹುಡುಗ ಎದ್ದು, ಮೇಷ್ಟರ ಬೈಸಿಕಲ್ಲಿನ ಬಣ್ಣವನ್ನು ಕೇಳಿದ.

ಮೇಷ್ಟರಿಗೆ ಆ ವರ್ಷವೇ ಬೇರೆ ಶಾಲೆಗೆ ವರ್ಗವಾಯಿತು. ಹೊರಡುವ ವಾರ ಬಸ್ಸುಗಳ ಹೊತ್ತು ಬದಲಾಗಿತ್ತು. ಅವರು ಹೇಳದೆಯೇ ಮಕ್ಕಳು ಹಲಗೆಯ ಪಟ್ಟಿಯನ್ನು ಒರಸಿ ಹೊಸದಾಗಿ ಬರೆದಿದ್ದರು. ಅದರಲ್ಲಿ ಎರಡು ಅಕ್ಷರದೋಷಗಳಿದ್ದುವು. ಶಿರಾದ ಹೆಸರಿನಲ್ಲಿ ಬಿದ್ದಿದ್ದುದನ್ನು ಮಾತ್ರ ಅವರು ತಿದ್ದಿದರು. ಬಸ್ಸಿನಲ್ಲಿ ಸಕಾರ ಒಂದು ಹೆಚ್ಚಾಗಿದ್ದುದು ಹಾಗೆಯೇ ಇದ್ದಿತು.